ಗುರುವಾರದ ಹೆಡ್ಮಾಸ್ತರರು

ಪ್ರಲ್ಹಾದರಾಯರು ಡಾಕ್ಟರ್ ಆಗುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಪುಣೆಯ ಕನ್ನಡ ಮಂದಿ, "ಶಾಲಿ ಮುಚ್ಚಿ ದವಾಖಾನಿ ತಗೀತಾರೇನು?" ಎಂದು ನಕ್ಕರು. ರಾಯರಿಗೆ ಶಾಲೆಯೇ ರೋಗಿ. ಪೇಠೆಯ ಓಣಿಯೊಂದರ ಕನ್ನಡ ಹೈಸ್ಕೂಲಿಗೆ ಅವರು ಹೆಡ್ಮಾಸ್ತರರು. ಮುಂಬಯಿ ವಿಶ್ವವಿದ್ಯಾಲಯದ ಡಾಕ್ಟರೇಟಿಗೆಂದು ಬರೆಯುತ್ತಿದ್ದ ಪ್ರಬಂಧದ ವಾದ ಇಷ್ಟೇ: ಹೆಡ್ಮಾಸ್ತರನ ಹೆದರಿಕೆಯಿಂದ ನಡೆಯುವುದು ಶಾಲೆಯಲ್ಲ, ಜೈಲು, ಮಾಸ್ತರರಿಗೆಲ್ಲ ಅಧಿಕಾರ ಹಂಚಿಕೊಟ್ಟರೆ ಅವನಿಲ್ಲದ ದಿನವೂ ಅದು ತಾನಾಗಿ ನಡೆಯುತ್ತದೆ.

ವಾದಕ್ಕೆ ಪುರಾವೆ ಗುರುವಾರ. ಅಂದು ರಾಯರು ಗ್ರಂಥಾಲಯಕ್ಕೆಂದು ಬೆಳಗಿನ ರೈಲಿಗೆ ಮುಂಬಯಿಗೆ ಹೋಗುವರು. ಶಾಲೆಯ ಕಾರಭಾರ ಪಾಳಿಯ ಪ್ರಕಾರ ಒಬ್ಬೊಬ್ಬ ಮಾಸ್ತರರದು. ಮರುದಿನ ವಿಚಾರಿಸಿದರೆ ಅಸಿಸ್ಟಂಟ್ ಮಾಸ್ತರ ಮಧುಕರ, "ನೀವಿದ್ದ ದಿನಕ್ಕಿಂತ ಛಲೋ ನಡೀತ್ರಿ, ಸರ. ಸಿಟ್ಟಾಗಬ್ಯಾಡ್ರಿ ಮತ್ತ" ಎನ್ನುವನು. ಸಿಟ್ಟೆಲ್ಲಿಯದು! ಊಟಕ್ಕೆ ಕೂತಾಗ ರಾಯರು ಹೆಂಡತಿ ಗೋದಾಬಾಯಿಗೆ, "ನಾ ಇಲ್ಲದಿದ್ರೂ ನಡೀತದ ನೋಡು!" ಎಂದು ಎದೆಯುಬ್ಬಿಸಿ ಹೇಳುವರು. ತನ್ನ ಅಗತ್ಯವೇ ಇಲ್ಲವೆಂದು ಇಷ್ಟು ಹಿಗ್ಗುವ ಗಂಡಸನ್ನು ಆಕೆ ಬೇರೆಲ್ಲೂ ಕಂಡಿರಲಿಲ್ಲ.

ವರ್ಷ ಕಳೆದು ಪ್ರಬಂಧ ಮುಗಿಯಿತು. ಮಾರ್ಗದರ್ಶಕರಾದ ಪ್ರೊಫೆಸರ್ ದೇವದಾಸ್ ಮಂಗಳೂರಿನವರು. "ಒಪ್ಪಿಸುವ ಮೊದಲು ಒಮ್ಮೆ ಕಣ್ಣಾರೆ ನೋಡ್ಬೇಕಲ್ಲ ಮಾರಾಯ್ರೆ" ಎಂದು ಮುಂಬಯಿಯಿಂದ ತಾವೇ ಬಂದರು. ಅದೊಂದು ಗುರುವಾರ ರಾಯರು ಎಂದಿನಂತೆ ಮುಂಬಯಿಗೆ ಹೊರಟವರ ಹಾಗೆ ಮನೆ ಬಿಟ್ಟು, ಯಾರಿಗೂ ಹೇಳದೆ ಅವರನ್ನು ಹಿತ್ತಲ ಬಾಗಿಲಿನಿಂದ ಕರೆತಂದು ತಮ್ಮ ಕೋಣೆಯಲ್ಲಿ ಕೂರಿಸಿದರು. ಪಡಸಾಲೆ ಸದ್ದಿಲ್ಲದೆ ತಣ್ಣಗಿತ್ತು. ರಾಯರು ಮೀಸೆಯೊಳಗೇ ನಕ್ಕರು.

ಏಳನೆಯ ಇಯತ್ತೆಯ ತರಗತಿಯಲ್ಲಿ ಗುಜುಗುಜು ಎದ್ದಿತು. ಕೂಡಲೇ ಪಡಸಾಲೆಯ ತುದಿಯಲ್ಲಿ ಯಾರೋ ಕೆಮ್ಮಿದರು. ಕಾಲಿನ ಚಡಾವು ನೆಲಕ್ಕೆ ಟಪಟಪ ಬಡಿದವು.

"ಯಾಂವಲೇ ಅಂವ, ನನ್ನ ಶಾಲಿಯೊಳಗ ಸಂತಿ ಹಚ್ಚಿದಾಂವ? ಮುಂಬೈ ಗಾಡಿ ತಪ್ಪಿ ಇಲ್ಲೇ ಅದೀನಿ. ಚರ್ಮಾ ಸುಲೀತೀನಿ!"

ಗುಜುಗುಜು ಗಪ್ಪಾಯಿತು. ಅದು ಪ್ರಲ್ಹಾದರಾಯರ ದನಿ. ಪ್ರಲ್ಹಾದರಾಯರೋ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು.

ದೇವದಾಸ್ ಬಾಗಿಲು ನೋಡಿದರು, ರಾಯರನ್ನು ನೋಡಿದರು. "ನೀವು ಇಲ್ಲಿದ್ದೀರಿ. ಮತ್ತೆ ಅಲ್ಲಿ ಯಾರು ಮಾರಾಯ್ರೆ?"

ಬಾಗಿಲು ತೆಗೆದರೆ ಮಧುಕರ. ತಲೆಯ ಮೇಲೆ ರಾಯರ ಹಳೆಯ ರುಮಾಲು, ಕಾಲಲ್ಲಿ ರಾಯರ ಹಳೆಯ ಚಡಾವು. ಕಿಟಕಿಯ ಮೇಲೆ ಆ ನೆರಳಷ್ಟೇ ಬಿದ್ದರೂ ಹುಡುಗರಿಗೆ ಸಾಕು.

"ಯಾವಾಗಿಂದ?" ಎಂದರು ರಾಯರು.

"ಎರಡನೇ ಗುರುವಾರದಿಂದ್ರಿ, ಸರ. ಮೊದಲನೇ ಗುರುವಾರ ಹುಡುಗ್ರು ಘಂಟಿ ಕಿತ್ತು ಬಾವಿಗೆ ಒಗದಿದ್ರು. ನಿಮಗ ಹೇಳಿದ್ರ ನಿಮ್ಮ ಪದವಿನೂ ಅದರ ಹಿಂದ ಬಾವಿಗೇ ಅಂತ... ನಾವು ಹೊಸಾ ಘಂಟಿ ತಂದ್ವಿ."

"ನಾವು ಅಂದ್ರ?"

"ಮಾಸ್ತರ ಮಂದಿ ಎಲ್ಲಾರೂ ರೀ."

"ನನ್ನ ರುಮಾಲು?"

ಮಧುಕರ ನೆಲ ನೋಡಿದ. "ನಿಮ್ಮ ಮನ್ಯಾಗ ವೈನಿ ಕೊಟ್ರು. ನಿಮ್ಮ ಕೆಮ್ಮು ನನಗ ಸರಿ ಬರ್ತಿರಲಿಲ್ಲ, ಅವರೇ ಕಲಿಸಿದ್ರು."

ದೇವದಾಸ್ ಕನ್ನಡಕ ಒರೆಸಿಕೊಂಡರು. "ನಾನು ಇವತ್ತು ಬರಲೇ ಇಲ್ಲ ಅಂತ ಇಟ್ಕೊಳ್ಳಿ. ಪ್ರಬಂಧ ಒಪ್ಪಿಸಿ."

"ಬ್ಯಾಡ್ರಿ. ಇದು ನಾ ಬರದದ್ದಲ್ಲ. ಇವರೆಲ್ಲಾ ಕೂಡಿ ನನ್ನ ಕಡೆಯಿಂದ ಬರಿಸಿದ್ದು," ಎಂದು ರಾಯರು ಮೇಜಿನ ಮೇಲಿದ್ದ ಕಟ್ಟನ್ನು ಹಿಂದಕ್ಕೆ ಎಳೆದುಕೊಂಡರು.

ಮನೆಯ ಹೊಸ್ತಿಲಲ್ಲೇ ಗೋದಾಬಾಯಿ ಕೇಳಿದರು, "ಮುಂಬೈದಾಗ ಸಾಹೇಬ್ರು ಏನಂದ್ರು?"

"ಕೆಮ್ಮು ಛಲೋ ಕಲಿಸೀದಿ."

ಆಕೆ ಸೆರಗಿನ ತುದಿ ಹಿಡಿದು ನಿಂತರು. "ನಿಮ್ಮ ಸಲವಾಗೇ ಮಾಡೇವ್ರಿ. ಎಷ್ಟು ಖುಷಿಲೆ ಊಟಕ್ಕ ಕೂಡ್ತಿದ್ರಿ..."

"ನನ್ನ ಖುಷಿ ನೋಡಿ ಎಲ್ಲಾರೂ ಎಷ್ಟು ನಕ್ರಿ?"

"ಆಣಿ ಮಾಡ್ತೀನಿ, ಒಬ್ರೂ ನಗಲಿಲ್ಲ."

"ನಕ್ಕಿದ್ರ ಛಲೋ ಇತ್ತು," ಎಂದರು ರಾಯರು. "ನಗೋ ಮಂದಿ ಮುಂದ ಮನಷ್ಯಾ ಹುಷಾರಿರ್ತಾನ."

ಗೋದಾಬಾಯಿ ಒಳಗೆ ಹೋಗಿ ತಾಟು ಹಾಕಿದರು. ರಾಯರು ಊಟಕ್ಕೆ ಕೂರಲಿಲ್ಲ.