ಸುಜುವಿನ ಎಡಗೈ

ಜಪಾನಿನ ಯೊನಾಗೊ ಊರಿನ ಹಲ್ಲಿನ ಡಾಕ್ಟರೊಬ್ಬರು ಮಕ್ಕಳನ್ನು ಕುರ್ಚಿ ಹತ್ತಿಸುವ ಮೊದಲು ಹೆತ್ತವರಿಗೆ ಒಂದು ಕಾಗದ ಕೊಡುತ್ತಿದ್ದರು. ಮಗುವಿಗೆ ಎಷ್ಟು ಹೆದರಿಕೆ, ಸೊನ್ನೆಯಿಂದ ಹತ್ತರೊಳಗೆ ಬರೆಯಬೇಕು. ಅಪ್ಪನಿಗೊಂದು ಜಾಗ, ಅಮ್ಮನಿಗೊಂದು ಜಾಗ. ಹೆಚ್ಚು ಹೆದರುವ ಮಗುವಾದರೆ ಮೊದಲ ದಿನ ಹಲ್ಲು ಕೊರೆಯುವುದಿಲ್ಲ, ಕುರ್ಚಿಯಲ್ಲಿ ಒಂದಿಷ್ಟು ಆಡಿಸಿ ಮನೆಗೆ ಕಳಿಸುತ್ತಾರೆ.

ಚಿಜುರು ಯೋಚನೆಯನ್ನೇ ಮಾಡದೆ ಸೊನ್ನೆ ಬರೆದಳು. ಐದು ವರ್ಷದ ಮಗಳು ಸುಜು ಪಕ್ಕದಲ್ಲಿ ಮೊಣಕಾಲು ಜೋಡಿಸಿಕೊಂಡು ತುಟಿಪಿಟಕ್ಕೆನ್ನದೆ ಕೂತಿದ್ದಳು. ಅವಳು ಯಾವುದಕ್ಕೂ ಅಳುವ ಮಗುವಲ್ಲ. ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡಾಗ, ಸುಟ್ಟ ಮೇಲೆ ಉಳಿದ ಮೂಳೆಗಳನ್ನು ಮನೆಯವರೆಲ್ಲ ಸೇರಿ ಕಡ್ಡಿಗಳಿಂದ ಎತ್ತಿ ಮಡಕೆಗೆ ಹಾಕುವ ಹೊತ್ತಿನಲ್ಲೂ ಕೈ ನಡುಗಿಸದೆ ತನ್ನ ಪಾಲಿನದನ್ನು ಎತ್ತಿದ್ದಳು. ಎಂಥ ಗಟ್ಟಿ ಹುಡುಗಿ ಎಂದು ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಸತ್ತವಳು ಚಿಜುರುವಿನ ತಾಯಿ. ಚಿಜುರುವೂ ಅಳಲಿಲ್ಲ. ಅಂದಿನಿಂದ ಅನ್ನ ಬೇಯಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಯಾವುದೂ ಮೈಗೆ ತಾಗುವುದಿಲ್ಲ. ಮಗಳೂ ತನ್ನಂತೆಯೇ ಎಂದುಕೊಂಡಿದ್ದಳು, ಅದೇ ಒಂದು ನೆಮ್ಮದಿ.

ಗಂಡ ನೊರಿಫುಮಿಗೆ ನಗೋಯಾದಲ್ಲಿ ಕೆಲಸ. ಫೋನು ಮಾಡಿ ಕೇಳಿದರೆ ಎಂಟು ಹಾಕು ಅಂದ.

"ಎಂಟಾ? ತಿಂಗಳಿಗೆರಡು ಸಲ ಬಂದು ಹೋಗೋರಿಗೆ ಏನ್ರೀ ಗೊತ್ತಾಗುತ್ತೆ?"

"ಆದ್ರೂ ಎಂಟೇ ಹಾಕು," ಅಂದ.

ಹಾಕಿದಳು. ಡಾಕ್ಟರು ಹಿರಾಯಿ ಎರಡೂ ಅಂಕಿಗಳನ್ನು ನೋಡಿ, ಯಾವುದನ್ನು ನಂಬಲಿ ಎಂದು ನಗುತ್ತ ಕೇಳಿದರು. ಮನೆಯಲ್ಲಿ ಮಗು ಜೊತೆ ಇರುವವಳು ನಾನು ಎಂದಳು ಚಿಜುರು. ಅಲ್ಲಿಗೆ ತೀರ್ಮಾನವಾಯಿತು, ಇವತ್ತೇ ಕೊರೆಯುವುದು. ನೋವಾದರೆ ಎಡಗೈ ಎತ್ತು, ತಕ್ಷಣ ನಿಲ್ಲಿಸಿ ಅಮ್ಮನನ್ನು ಕರೆಯುತ್ತೇನೆ ಎಂದು ಡಾಕ್ಟರು ಸುಜುವಿಗೆ ಎರಡೆರಡು ಸಲ ಹೇಳಿ ಒಳಗೆ ಕರೆದುಕೊಂಡು ಹೋದರು.

ಚಿಜುರು ಹೊರಗಿನ ಬೆಂಚಿನ ಮೇಲೆ ಕೂತಳು. ಯಂತ್ರದ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಅಳು ಕೇಳಲಿಲ್ಲ. ಗೋಡೆಯ ಮೇಲಿನ ಮೀನಿನ ಚಿತ್ರ ನೋಡುತ್ತ ಸಂಜೆಗೆ ಮೂಲಂಗಿ ತರಬೇಕು ಎಂದಷ್ಟೇ ಅಂದುಕೊಂಡಳು. ಗಂಡನ ಎಂಟು ನೆನಪಾಗಿ ಸಣ್ಣದೊಂದು ಗೆಲುವೂ ಅನ್ನಿಸಿತು.

ಅರ್ಧ ಗಂಟೆಯಾದ ಮೇಲೆ ಡಾಕ್ಟರೇ ಬಾಗಿಲಿಗೆ ಬಂದು ಒಳಗೆ ಕರೆದರು. ಅವರ ಮುಖದಲ್ಲಿ ನಗು ಇರಲಿಲ್ಲ. ಸುಜು ಕುರ್ಚಿಯಿಂದ ಇಳಿದು ನಿಂತಿದ್ದಳು. ಎಡಗೈ ಜೋತುಬಿದ್ದಿತ್ತು. ಅಂಗೈ ಬಿಳಿಚಿಕೊಂಡು, ಕುರ್ಚಿಯ ಹೊಲಿಗೆಯ ಗುರುತು ಆಳವಾಗಿ ಮೂಡಿತ್ತು.

"ಉದ್ದಕ್ಕೂ ಕೈ ಮೇಲೇ ಕೂತಿದ್ದಾಳೆ. ನಾನು ನೋಡ್ಲೇ ಇಲ್ಲ," ಅಂದರು ಡಾಕ್ಟರು.

ಚಿಜುರು ಮಗಳ ಮುಂದೆ ಮಂಡಿಯೂರಿದಳು. "ಯಾಕೆ ಪುಟ್ಟಿ?"

"ಈ ಕೈ ಮೇಲೆ ಮೇಲೆ ಏಳ್ತಿತ್ತು." ಮರಗಟ್ಟಿದ ತುಟಿಯಿಂದ ಮಾತು ಸೊಟ್ಟಗೆ ಬಂತು. "ಎದ್ರೆ ನಿನ್ನ ಕರೀತಾರೆ. ಅಜ್ಜಿ ಹೋದ್ಮೇಲೆ ನಿಂಗೆ ಸುಸ್ತು ಅಲ್ವಾ ಅಮ್ಮ."

ಚಿಜುರು ಆ ಪುಟ್ಟ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ತಿಕ್ಕತೊಡಗಿದಳು. ಜೋಮು ಹಿಡಿದು ಕೈ ತಣ್ಣಗಾಗಿತ್ತು. ತಿಕ್ಕಿದಳು, ಬೆರಳು ಬೆರಳಾಗಿ. ಸ್ವಲ್ಪ ಹೊತ್ತಿಗೆ ಜೋಮು ಬಿಡಲು ಶುರುವಾಯಿತು. ಸುಜು ಕೈ ಎಳೆದುಕೊಳ್ಳಲು ನೋಡಿದಳು.

"ಅಮ್ಮ, ಚುಚ್ತಿದೆ," ಎಂದವಳೇ ಜೋರಾಗಿ ಅತ್ತಳು, ಅಜ್ಜಿ ಹೋದ ಮೇಲೆ ಮೊದಲ ಸಲ.

ಚಿಜುರು ಅವಳನ್ನು ಜಾಣೆ ಅನ್ನಲಿಲ್ಲ, ಅಳಬೇಡ ಅಂತಲೂ ಅನ್ನಲಿಲ್ಲ. ಕೈ ಬೆಚ್ಚಗಾಗುವವರೆಗೂ ತಿಕ್ಕುತ್ತಲೇ ಇದ್ದಳು.