ಅಳತೆ ತೆಗೆಯುತ್ತಾರೆ ಅಂದಿದ್ದೆ

ನಾನು ದರ್ಜಿ. ಕಂಡವರಿಗೆಲ್ಲ ಬಟ್ಟೆ ಹೊಲಿಯುತ್ತೇನೆ, ನನ್ನ ಮಗಳಿಗೆ ಮಾತ್ರ ಐದು ವರ್ಷದಿಂದ ಒಂದು ಹೊಸ ಅಂಗಿ ಹೊಲಿಯಲಾಗಿಲ್ಲ. ತಪ್ಪು ನನ್ನದೇ.

ಮಗಳಿಗೆ ಈಗ ಹತ್ತೊಂಬತ್ತು. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ. ಗದ್ದಲವಾದರೆ, ಗೊತ್ತಿಲ್ಲದವರು ಮುಟ್ಟಿದರೆ ತಡೆಯಲಾಗದೆ ಹೊಡೆಯುತ್ತಾಳೆ, ಕಚ್ಚುತ್ತಾಳೆ. ಐದು ವರ್ಷದ ಹಿಂದೆ ಆಸ್ಪತ್ರೆಗೆ ಚುಚ್ಚುಮದ್ದಿಗೆ ಕರೆದೊಯ್ದು, "ಅಳತೆ ತಗೋತಾರೆ ಅಷ್ಟೆ ಪುಟ್ಟಿ" ಎಂದು ನಾನೇ ತೋಳಿಗೆ ಟೇಪು ಸುತ್ತಿದೆ. ಅಷ್ಟರಲ್ಲಿ ಅಲ್ಲಿನ ಸಿಬ್ಬಂದಿ ನಾಲ್ವರು ಅವಳನ್ನು ಹಿಡಿದರು. ಒದ್ದಾಟದಲ್ಲಿ ಸೂಜಿ ಬಾಗಿತು, ಲಸಿಕೆಯೂ ಆಗಲಿಲ್ಲ. ಅಂದಿನಿಂದ ಟೇಪು ಕಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ನನ್ನ ಕೈಯಿಂದ ನೀರೂ ಕುಡಿಯುವುದಿಲ್ಲ.

ಮೊನ್ನೆ ಹಿಂದಿನ ಬೀದಿಯಲ್ಲಿ ಗಂಟಲಮಾರಿ, ಅದೇ ಡಿಫ್ತೀರಿಯಾ, ಬಂದು ಒಂದು ಮಗು ತೀರಿಕೊಂಡಿತು. ಮರುದಿನ ಆರೋಗ್ಯ ಕೇಂದ್ರದ ನರ್ಸಮ್ಮ ನಮ್ಮ ಬಾಗಿಲಿಗೆ ಬಂದು, ಮಗಳಿಗೆ ಲಸಿಕೆ ಹಾಕಿಸಿ ಎಂದರು.

"ಬೇಡ ತಾಯಿ, ಒಂದ್ಸಲ ಕೈ ಸುಟ್ಕೊಂಡಿದೀನಿ," ಎಂದೆ. "ಹಣೇಲಿ ಬರೆದಂಗೆ ಆಗ್ಲಿ."

"ಕಾಯಿಲೆ ಬಂದ್ರೆ ಉಸಿರಾಡೋಕೆ ಗಂಟಲಿಗೆ ಕೊಳವೆ ಹಾಕ್ಬೇಕಾಗ್ಬಹುದು. ಆಗ ಎಷ್ಟು ಜನ ಹಿಡೀತೀರಿ?"

ಹೆಂಡತಿ ಕೇಳಿದಳು: "ಮತ್ತೆ ಹೆಂಗಮ್ಮ?"

"ಹಿಡಿಯೋದೇ ಬೇಡ. ನಾನೇ ಮನೆಗೆ ಬರ್ತೀನಿ. ಮೊದಲೆರಡು ಸಲ ಸೂಜಿ ತರಲ್ಲ. ಅವಳಿಗೆ ಯಾವ ಹೊತ್ತು ನೆಮ್ಮದಿ, ಯಾವ ಸದ್ದು ಆಗಲ್ಲ, ಅಷ್ಟು ಹೇಳಿ."

ಬಂದರು. ಹೊಸ್ತಿಲಲ್ಲೇ ಕೂತು ಚಿತ್ರ ತೋರಿಸಿದರು: ತೋಳು, ಸೂಜಿ, ಹತ್ತಿ. "ಚುಚ್ಚುತ್ತೆ. ನೋವಾಗುತ್ತೆ. ಐದು ಎಣಿಸೋದ್ರೊಳಗೆ ಮುಗಿಯುತ್ತೆ," ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಮೂರನೇ ಸಲ ಸೂಜಿ ತಂದಾಗ ಮಗಳು ಅವರ ಕೆನ್ನೆಗೆ ಬಾರಿಸಿದಳು. ಇನ್ನು ಇವರೂ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. "ಬೇಡ ಅಂದ್ರೆ ಬೇಡ. ಇನ್ನೊಂದಿನ ಬರ್ತೀನಿ," ಎಂದು ಸೂಜಿ ಮುಚ್ಚಿಟ್ಟು ಹೋದರು.

ನಾಲ್ಕನೇ ಸಲ, ಡಾಕ್ಟರು ಬರೆದುಕೊಟ್ಟಿದ್ದ ಜೋಮು ಹಿಡಿಸುವ ಮುಲಾಮನ್ನು ಹೆಂಡತಿ ಒಂದು ಗಂಟೆ ಮೊದಲೇ ಹಚ್ಚಿದ್ದಳು. ಮಗಳು ತಾನೇ ತೋಳು ಚಾಚಿ ಎಣಿಸಿದಳಂತೆ. ಮೂರಕ್ಕೇ ಮುಗಿಯಿತಂತೆ. ನಾನು ನೋಡಲಿಲ್ಲ. "ನೀವು ಎದುರಿಗಿದ್ರೆ ಅವಳು ಹೆದರ್ತಾಳೆ, ಹೊರಗಿರಿ," ಎಂದಿದ್ದರು ನರ್ಸಮ್ಮ. ಹೆತ್ತ ಅಪ್ಪ ನಾನು, ಬೀದಿಯಲ್ಲಿ ನಿಂತು ಅತ್ತೆ.

ನಿಮ್ಮ ಮನೆಯಲ್ಲೂ ಇಂಥ ಮಕ್ಕಳೋ ದೊಡ್ಡವರೋ ಇದ್ದರೆ ಲಸಿಕೆ ತಪ್ಪಿಸಬೇಡಿ, ಅದುಮಿ ಹಿಡಿದೂ ಹಾಕಿಸಬೇಡಿ. ಮೊದಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಅವರ ಕಷ್ಟ ಹೇಳಿ. ಮನೆಗೇ ಬರುತ್ತಾರಾ, ಜನವಿಲ್ಲದ ಹೊತ್ತು ಕೊಡುತ್ತಾರಾ, ಕೇಳಿ. ಯಾವ ಕಾರಣಕ್ಕೂ ಸುಳ್ಳು ಹೇಳಿ ಕರೆದೊಯ್ಯಬೇಡಿ. ಮಗಳ ನಂಬಿಕೆ ಕಳಕೊಂಡ ನನಗೆ ಕಾಲ ಮಿಂಚಿತು. ನಿಮಗೆ ಇನ್ನೂ ಮಿಂಚಿಲ್ಲ, ನಾಳೆಯೇ ಹೋಗಿ ಕೇಳಿ.