ಹಿಂಬದಿ ಮೆಟ್ಟಿಲ ಹದಿನಾಲ್ಕು ಸೆಕೆಂಡು

ಗ್ರಾಂಟ್ ರೋಡ್ ಸ್ಟೇಶನ್ನಿಗೆ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಹಿತೇಶನ ಕಂಪ್ಯೂಟರ್ ರಿಪೇರಿ ಅಂಗಡಿ. ಶ್ರಾವ್ಯಾ, ಸುಂದ್ರವ್ವ ಇಬ್ಬರೂ ಹತ್ತಿ ಬಂದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಸುಂದ್ರವ್ವ ಒಳಗೆ ಬರದೆ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಳು. ಶ್ರಾವ್ಯಾ ಕರೆದಳು, ಅವಳು ಬೇಡವೆಂದು ತಲೆಯಾಡಿಸಿದಳು.

"ಮೂರು ದಿನದಿಂದ ಓಡಿಸ್ತಾ ಇದ್ದೇನೆ ಶ್ರಾವ್ಯಕ್ಕ," ಎಂದ ಹಿತೇಶ್. ಕಾರ್ಕಳದವರ ಮಗ, ಮುಂಬಯಿಯಲ್ಲೇ ಹುಟ್ಟಿದವನು, ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದ. "ಸ್ವಲ್ಪ ಸಿಕ್ಕಿದೆ. ಪೂರಾ ನಹೀ. ಜಾಸ್ತಿ ಆಸೆ ಇಟ್ಕೊಳ್ಬೇಡಿ."

ಮೇಜಿನ ಮೇಲೆ ಶ್ರಾವ್ಯಾಳ ಮನೆಯವರ ಹೋಟೆಲಿನ ಕ್ಯಾಮೆರಾಗಳ ಹಾರ್ಡ್ ಡಿಸ್ಕ್ ಮಗುಚಿ ಬಿದ್ದಿತ್ತು, ಮೈಗೆಲ್ಲ ವಯರು ಚುಚ್ಚಿಸಿಕೊಂಡು. ಅದನ್ನು ನೋಡುವಾಗಲೆಲ್ಲ ಶ್ರಾವ್ಯಾಳಿಗೆ ತನ್ನ ಬಲಗೈ ಹೆಬ್ಬೆರಳು ನೆನಪಾಗುತ್ತಿತ್ತು. ಒತ್ತಿದ್ದು ಅದೇ ಬೆರಳು.

ಸುಂದ್ರವ್ವನ ಗಂಡ ಭೀಮರಾಯ ಒಂಬತ್ತು ವರ್ಷದಿಂದ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ. ರುಬ್ಬುವ ಕೋಣೆ ಹಿಂಬದಿಯ ಕಟ್ಟಡದ ಮೊದಲ ಮಾಳಿಗೆಯಲ್ಲಿ. ಹೋದ ತಿಂಗಳು ಒಂದು ಬೆಳಿಗ್ಗೆ ಅವನು ಅಲ್ಲಿಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ, ಪಕ್ಕದಲ್ಲಿ ಒಂದು ಸಾರಾಯಿ ಬಾಟಲಿ. ಕುಡಿದು ಜಾರಿದ ಎಂದು ಮಾಲೀಕ ಪೂವಪ್ಪನವರು ಹೇಳಿದರು, ಪೊಲೀಸರು ಹಾಗೆಯೇ ಬರೆದುಕೊಂಡರು. ಪೂವಪ್ಪನವರು ಶ್ರಾವ್ಯಾಳ ಮಾವ. ಗಲ್ಲಾದಲ್ಲಿ ಕೂರುವವಳು ಶ್ರಾವ್ಯಾ.

ಹತ್ತು ದಿನ ಕಳೆದು ಒಂದು ಶುಕ್ರವಾರ ಮಾವ ಹೊಸ ಕ್ಯಾಮೆರಾಗಳನ್ನೂ ಹೊಸ ರೆಕಾರ್ಡರನ್ನೂ ತರಿಸಿದರು. ಹೊಸದೇನು ಬಂದರೂ ರಾಹುಕಾಲಕ್ಕೆ ಮುಂಚೆ ಕುಂಕುಮ ಹಚ್ಚಿ ಚಾಲೂ ಮಾಡುವುದು ಅವರ ಹೋಟೆಲಿನ ಪದ್ಧತಿ. ಕ್ಯಾಮೆರಾದವನು ಬಂದದ್ದೇ ಹತ್ತಕ್ಕೆ. ಹಳೆಯ ಡಿಸ್ಕನ್ನು ಹೊಸ ಪೆಟ್ಟಿಗೆಗೆ ಹಾಕಿ, ಇನ್ನೊಂದು ವಯರು ತರುತ್ತೇನೆಂದು ಅವನು ಕೆಳಗಿಳಿದ. ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಹತ್ತೂವರೆಗೆ ನಾಲ್ಕು ನಿಮಿಷ ಇತ್ತು.

"ಒತ್ತು ಮಾರಾಯ್ತಿ, ಹೊತ್ತು ಮೀರ್ತದೆ," ಎಂದರು ಮಾವ, ಗಂಟೆ ಆಡಿಸುತ್ತ.

ಔಷಧದ ಚೀಟಿಯನ್ನೂ ಎರಡು ಸಲ ಓದುವ ಶ್ರಾವ್ಯಾ ಅವತ್ತು ಓದಲಿಲ್ಲ. ಹೌದು ಎಂಬುದನ್ನು ಒತ್ತಿದಳು. ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿತ್ತು.

ಮತ್ತೆರಡು ದಿನಕ್ಕೆ ಸುಂದ್ರವ್ವ ತನ್ನೂರು ಇಂಡಿಯಿಂದ ಬಂದು ಗಲ್ಲಾದ ಎದುರು ನಿಂತಳು. ಗಂಡನನ್ನು ಮಣ್ಣು ಮಾಡಿ ಬಂದಿದ್ದಳು.

"ಆ ಮೆಟ್ಟಲಿಗಿ ಕ್ಯಾಮೆರಾ ಐತಲ್ರಿ ಅಕ್ಕಾರ. ಅದನ್ನ ತೋರಸ್ರಿ. ನನ್ನ ಗಂಡ ಒಂದ್ ದಿನಾ ಕುಡದಾಂವ ಅಲ್ಲ. ಸಾಲ್ಯಾಗ ನನ್ನ ಮಗಗ ಕುಡುಕನ ಮಗಾ ಅಂತಾರ. ಅವ ಸಾಲಿಗಿ ಹೋಗೂದ ಬಿಟ್ಟಾನ."

ಅಳಿಸಿಹೋಗಿದೆ ಎಂದು ಶ್ರಾವ್ಯಾ ಹೇಳಿದಾಗ ಸುಂದ್ರವ್ವ ನೇರ ಕೇಳಿದಳು. "ತಾನಾ ಅಳಿಸೇತೋ, ನೀವ ಅಳಿಸೀರೋ?"

ನಾನೇ ಅಳಿಸಿದ್ದು, ಗೊತ್ತಿಲ್ಲದೆ, ಎಂದಳು ಶ್ರಾವ್ಯಾ. ಆ ಕೊನೆಯ ಮಾತು ತನಗೇ ಅಗ್ಗವಾಗಿ ಕೇಳಿಸಿತು. ಅವತ್ತಿನ ಮಾವನ ಅವಸರ ರಾಹುಕಾಲಕ್ಕೆ ಮಾತ್ರವೇ ಎಂದು ಅವಳು ಯೋಚಿಸತೊಡಗಿದ್ದು ಆಮೇಲೆ. ಆ ಯೋಚನೆ ದಹಿಸರದ ಮನೆಯಲ್ಲಿ ಮಾವನಿಗೆ ಗಂಜಿ ಬಡಿಸುವಾಗಲೂ ಬಿಡಲಿಲ್ಲ. ಅವರು ಮದುವೆಗೆಂದು ಊರಿಗೆ ಹೋದ ದಿನ ಡಿಸ್ಕನ್ನು ಬಿಚ್ಚಿಸಿ, ಬಟ್ಟೆಯಲ್ಲಿ ಸುತ್ತಿ ಹಿತೇಶನಿಗೆ ತಂದುಕೊಟ್ಟಳು.

"ಅಳಿಸಿದ್ರೂ ಒಳಗೆ ಇರ್ತದೆ ಅಕ್ಕ," ಎಂದ ಹಿತೇಶ್ ಈಗ, ಪರದೆ ತಿರುಗಿಸುತ್ತ. "ಅದರ ಮೇಲೆ ಹೊಸ ರೆಕಾರ್ಡಿಂಗ್ ಬಿದ್ದಷ್ಟು ಮಾತ್ರ ಖಲಾಸ್. ನೀವು ಹೇಳಿದ ಬೆಳಿಗ್ಗೆಯದ್ದು ಎರಡು ತುಂಡು ಸಿಕ್ಕಿತು. ಬೀಳೋದು ಇಲ್ಲ. ಅದು ಹೋಯ್ತು."

ಮೊದಲ ತುಂಡು ಹದಿನಾಲ್ಕು ಸೆಕೆಂಡಿನದು. ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷ. ಮಾವ ರಿಪೇರಿ ಮಾಡಿಸದ ಮೆಟ್ಟಿಲ ದೀಪ ಕೆಟ್ಟೇ ಇತ್ತು, ಕತ್ತಲಲ್ಲೂ ಕಾಣುವ ಕ್ಯಾಮೆರಾದ ಬೂದು ಚಿತ್ರ. ಭೀಮರಾಯ ಹಿಟ್ಟಿನ ದೊಡ್ಡ ಪಾತೇಲಿಯನ್ನು ಹೆಗಲ ಮೇಲಿಟ್ಟುಕೊಂಡು ಬಾಗಿಲಿಂದ ಹೊರಬಂದ. ನೆಟ್ಟಗೆ ನಡೆದ. ಮೆಟ್ಟಿಲ ಅಂಚನ್ನು ಕಾಲಿನಿಂದ ತಡವಿ ನೋಡಿದ, ಒಂದು ಇಳಿದ, ಎರಡು ಇಳಿದ. ಚಿತ್ರ ಒಡೆದು ಚೌಕ ಚೌಕವಾಗಿ ನಿಂತಿತು.

ಎರಡನೆಯದು ಐದು ಮೂವತ್ತೊಂಬತ್ತರದು, ಒಂಬತ್ತು ಸೆಕೆಂಡು. ಮೆಟ್ಟಿಲ ತುಂಬ ಬಿಳಿ ಹಿಟ್ಟು. ಒಬ್ಬ ಮನುಷ್ಯ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಬಾಲ್ದಿಯಿಂದ ನೀರು ಹಾಕಿ ತೊಳೆಯುತ್ತಿದ್ದ. ಲುಂಗಿ ಮೇಲೆತ್ತಿ ಕಟ್ಟಿತ್ತು. ಪ್ರತಿ ಸಲ ಬಗ್ಗುವಾಗಲೂ ಎಡಗೈ ಸೊಂಟಕ್ಕೆ ಹೋಗುತ್ತಿತ್ತು.

ಮಾವನ ಆ ಸೊಂಟಕ್ಕೆ ಹನ್ನೊಂದು ವರ್ಷದಿಂದ ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದವಳು ಶ್ರಾವ್ಯಾ.

"ಎರಡೂ ಕಾಪಿ ಮಾಡ್ಲಾ?" ಹಿತೇಶ್ ಅವಳ ಕಡೆ ನೋಡದೆ ಕೇಳಿದ. "ಅಥವಾ ಮೊದಲಿನದ್ದು ಸಾಕಾ? ನಿಮ್ಮ ಮನೆ ವಿಷಯ. ನಾನು ಏನೂ ನೋಡಿಲ್ಲ."

ಮೊದಲಿನದ್ದು ಸಾಕು ಎಂದೇ ಅವಳಿಗೂ ಅನ್ನಿಸಿತು. ಸುಂದ್ರವ್ವನ ಗಂಡ ಕುಡಿದಿರಲಿಲ್ಲ ಎನ್ನಲು ಅಷ್ಟು ಸಾಕು. ಬಾಗಿಲಿಗೆ ಹೋಗಿ ಸುಂದ್ರವ್ವನನ್ನು ಕರೆದಳು.

ಸುಂದ್ರವ್ವ ಮೊದಲ ತುಂಡನ್ನು ನಿಂತುಕೊಂಡೇ ನೋಡಿದಳು. ಮತ್ತೊಮ್ಮೆ ಹಾಕು ಎಂದಳು. ಮೂರನೆಯ ಸಲ ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದಳು. ಅಳಲಿಲ್ಲ.

"ಆ ಪಾತೇಲಿ ಎಲ್ಲಿ ಹೋತ್ರಿ ಅಕ್ಕಾರ?"

ಶ್ರಾವ್ಯಾ ಹಿತೇಶನ ಕಡೆ ನೋಡಿದಳು.

"ಪೊಲೀಸರ ಕಾಗದಾ ನಾ ಓದಿಸೇನಿ. ಅದರಾಗ ಚಪ್ಪಲಿ ಐತಿ, ಬಾಟ್ಲಿ ಐತಿ. ಪಾತೇಲಿ ಇಲ್ಲ. ಅಷ್ಟ್ ಹಿಟ್ಟು ಚೆಲ್ಲಿದ್ರ ಒಂದ್ ಹನಿನೂ ಬರಿಲಿಲ್ಲೇನ ಅವ್ರು?"

ಚೀಲದೊಳಗೆ ಶ್ರಾವ್ಯಾಳ ಫೋನು ನಡುಗಿತು. ಮಾವ. ಇವತ್ತು ಬೆಳಿಗ್ಗೆ ಊರಿಂದ ಬಂದಿಳಿದು ನೇರ ಹೋಟೆಲಿಗೇ ಹೋಗಿದ್ದರು. ರೆಕಾರ್ಡರು ತೆರೆದು ನೋಡಿರಬೇಕು. ಫೋನು ನಿಂತಿತು, ಮತ್ತೆ ನಡುಗಿತು.

"ಎರಡನೆಯದ್ದೂ ಹಾಕು ಹಿತೇಶ್," ಎಂದಳು.

ಒಂಬತ್ತು ಸೆಕೆಂಡು ಮುಗಿದ ಮೇಲೆ ಸುಂದ್ರವ್ವ ಬೆಂಚನ್ನು ಒಳಗೆಳೆದು ಕುಳಿತಳು. "ಇಂವ ಯಾರ? ಮಾರಿ ಕಾಣವಲ್ದು."

"ಹೌದು. ಕಾಣುವುದಿಲ್ಲ."

"ಬೆನ್ನು ಯಾರದಾರ ಆಗಬೌದು ಅಂತಾರ ಠಾಣೇದಾಗ. ಗುರ್ತ ಹಿಡ್ಯಾವ್ರು ಬೇಕಲ್ರಿ." ಅವಳ ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದು ಯಾರೆಂದು ಅವಳಿಗೆ ಗೊತ್ತಾಗಿತ್ತು. ಶ್ರಾವ್ಯಾಳಿಗೆ ಗೊತ್ತಿದೆಯೆಂಬುದೂ ಗೊತ್ತಾಗಿತ್ತು.

ಗಂಡ ಸುಕೇಶ್ ಏನು ಹೇಳುತ್ತಾನೆ ಎಂದು ಶ್ರಾವ್ಯಾ ಯೋಚಿಸಿದಳು. ಏನೂ ಹೇಳಲಾರ, ಅಪ್ಪನ ಪಕ್ಕ ಹೋಗಿ ನಿಲ್ಲುತ್ತಾನೆ. ಮಗಳು ಶ್ರೇಯಾ ಸಂಜೆ ಅಜ್ಜನ ಕೈಹಿಡಿದು ಕ್ಲಾಸಿನಿಂದ ಮನೆಗೆ ಬರುತ್ತಾಳೆ. ಇವತ್ತು ಆ ಮನೆಯ ಬಾಗಿಲು ತನಗೆ ತೆರೆಯದಿದ್ದರೆ ಮಗಳನ್ನು ಎಲ್ಲಿ ನಿಂತು ಕರೆಯುವುದು?

"ಹಿತೇಶ್, ಎರಡರದ್ದೂ ಮೂರು ಕಾಪಿ ಮಾಡು. ಮೊದಲ ಕಾಪಿ ಇವರ ಕೈಗೆ."

"ಡಿಸ್ಕು?"

"ಅದೂ ಇವರಿಗೆ."

ಸುಂದ್ರವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ಮೆಟ್ಟಿಲು ಇಳಿಯುವಾಗ ಈ ಸಲ ಅವಳೇ ಮುಂದೆ ಇದ್ದಳು. ಫೋನು ಐದನೆಯ ಸಲ ನಡುಗಿದಾಗ ಶ್ರಾವ್ಯಾ ಎತ್ತಿದಳು.

"ಎಲ್ಲಿದ್ದಿ ಶ್ರಾವ್ಯಾ?" ಮಾವನ ದನಿ ಮೆತ್ತಗಿತ್ತು, ಮಗುವನ್ನು ಮಾತಾಡಿಸಿದ ಹಾಗೆ. "ಗಲ್ಲಾ ಖಾಲಿ ಬಿಟ್ಟು ಎಲ್ಲಿಗೆ ಹೋದಿ?"

"ಠಾಣೆಗೆ ಹೋಗ್ತಾ ಇದ್ದೇನೆ ಮಾವ," ಎಂದಳು. "ಸುಂದ್ರವ್ವನ ಜೊತೆ."

ಆ ಕಡೆ ಹೋಟೆಲಿನ ತಟ್ಟೆಗಳ ಸದ್ದು ಮಾತ್ರ ಕೇಳಿಸುತ್ತಿತ್ತು. ಶ್ರಾವ್ಯಾ ಫೋನನ್ನು ಚೀಲಕ್ಕೆ ಹಾಕಿ ಸುಂದ್ರವ್ವನ ಹಿಂದೆ ಇಳಿದಳು.